ಬ್ರಿಟ್ಟನಿ: ಪ್ರಾರ್ಥನೆಯ ನುಡಿ ಮನೆಯಿಂದ ಹೊರನಡೆದ ಕಥೆ



ಸುಮಾರು ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ವಾಯವ್ಯ ಮೂಲೆಯ ಹಳ್ಳಿಶಾಲೆಗಳಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಯಾವ ಮಗು ಮೊದಲು ತನ್ನ ಮನೆಮಾತಿನಲ್ಲಿ ಒಂದು ಪದವನ್ನಾಡಿ ಸಿಕ್ಕಿಬೀಳುತ್ತದೋ ಅದರ ಕೊರಳಿಗೆ ಹಗ್ಗದಲ್ಲಿ ಒಂದು ವಸ್ತುವನ್ನು ನೇತುಹಾಕುತ್ತಿದ್ದರು. ಒಂದು ಊರಿನಲ್ಲಿ ಅದು ಸವೆದ ಮರದ ಪಾದರಕ್ಷೆ, ಇನ್ನೊಂದು ಊರಿನಲ್ಲಿ ಮರದ ತುಂಡು, ಮತ್ತೊಂದೆಡೆ ಸ್ಲೇಟಿನ ಚೂರು. ಉಪಾಧ್ಯಾಯರು ಅದನ್ನು ‘ಚಿಹ್ನೆ’ ಎಂದು ಕರೆಯುತ್ತಿದ್ದರು. ಮಕ್ಕಳು ಕೆಲವೆಡೆ ‘ಹಸು’ ಎನ್ನುತ್ತಿದ್ದರು. ಅದನ್ನು ಕೊರಳಿನಿಂದ ಕಳಚಿಕೊಳ್ಳಲು ಒಂದೇ ದಾರಿ ಇತ್ತು. ಮನೆಮಾತನ್ನಾಡುವ ಇನ್ನೊಬ್ಬ ಸಹಪಾಠಿಯನ್ನು ಹಿಡಿದುಕೊಡಬೇಕು; ಆಗ ಅದು ಅವನ ಕೊರಳಿಗೆ ಹೋಗುತ್ತದೆ. ಸಂಜೆಯ ಗಂಟೆ ಬಾರಿಸಿದಾಗ ಯಾರ ಕೊರಳಲ್ಲಿ ಅದು ಉಳಿದಿರುತ್ತದೋ ಆ ಮಗುವಿಗೆ ಶಿಕ್ಷೆ.

ಆ ಮಕ್ಕಳ ಮನೆಮಾತು ಬ್ರೆಟನ್. ಅವರ ನಾಡು ಬ್ರಿಟ್ಟನಿ. ಶಿಕ್ಷೆ ಎಂದರೆ ಬಹುಶಃ ಒಂದೆರಡು ಪುಟ ಹೆಚ್ಚು ಬರೆಯುವುದು, ಇಲ್ಲವೇ ಶಾಲೆಯ ಅಂಗಳ ಗುಡಿಸುವುದು. ಅಷ್ಟೇ ಆಗಿದ್ದರೆ ಇಂದು ನಾವು ಅದನ್ನು ನೆನೆಯಬೇಕಾಗಿರಲಿಲ್ಲ. ಆ ಶಿಕ್ಷೆಯ ಫಲ ಶಾಲೆ ಬಿಟ್ಟ ಮೂವತ್ತು ವರ್ಷಗಳ ನಂತರ, ಅದೇ ಮಕ್ಕಳು ತಂದೆತಾಯಿಯರಾದಾಗ ಕಾಣಿಸಿಕೊಂಡಿತು. ಒಂದು ಜನಾಂಗವು ತನ್ನ ನುಡಿಯನ್ನು ಹೇಗೆ ಕಳೆದುಕೊಳ್ಳುತ್ತದೆ, ಅದರಲ್ಲಿ ಸರ್ಕಾರದ ಪಾಲೆಷ್ಟು, ಧರ್ಮಸಭೆಯ ಪಾಲೆಷ್ಟು, ಮನೆಯವರ ಪಾಲೆಷ್ಟು ಎಂಬುದನ್ನು ತಿಳಿಯಲು ಬ್ರಿಟ್ಟನಿಯ ಇತಿಹಾಸ ನಮಗೆ ಬಹಳ ಸಹಾಯಕವಾಗಿದೆ.

ಧರ್ಮಕೇಂದ್ರಗಳಿಂದ ಕಟ್ಟಿದ ನಾಡು

ಬ್ರಿಟ್ಟನಿಯು ಮೂರು ಕಡೆ ಸಮುದ್ರವಿರುವ ಪರ್ಯಾಯದ್ವೀಪ. ಐದು ಮತ್ತು ಆರನೆಯ ಶತಮಾನಗಳಲ್ಲಿ ಇಂದಿನ ಬ್ರಿಟನ್ ದ್ವೀಪದಿಂದ ಜನರು ಕಡಲು ದಾಟಿ ಇಲ್ಲಿಗೆ ಬಂದು ನೆಲೆಸಿದರು. ಅವರು ತಂದ ನುಡಿಯೇ ಬ್ರೆಟನ್. ಅದು ಫ್ರೆಂಚಿನ ಉಪಭಾಷೆಯಲ್ಲ; ವೇಲ್ಸ್ ಮತ್ತು ಕಾರ್ನ್‌ವಾಲ್ ನಾಡುಗಳ ಭಾಷೆಗಳ ಸೋದರಿ. ಲ್ಯಾಟಿನ್ ಮೂಲದ ಫ್ರೆಂಚಿಗೂ ಬ್ರೆಟನ್ನಿಗೂ ಇರುವ ಅಂತರ ಕನ್ನಡಕ್ಕೂ ಹಿಂದಿಗೂ ಇರುವ ಅಂತರವನ್ನು ನೆನಪಿಗೆ ತರುತ್ತದೆ. ಆದರೆ ಇಡೀ ನಾಡು ಬ್ರೆಟನ್ ಮಾತನಾಡುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ರೆನ್ ಮತ್ತು ನಾಂತ್ ನಗರಗಳಿರುವ ಪೂರ್ವಭಾಗದಲ್ಲಿ ಫ್ರೆಂಚಿಗೆ ಹತ್ತಿರದ ‘ಗಾಲೋ’ ಎಂಬ ನುಡಿ ಇತ್ತು. ಬ್ರೆಟನ್ ಗಟ್ಟಿಯಾಗಿ ಬೇರುಬಿಟ್ಟದ್ದು ಪಶ್ಚಿಮದ ಅರ್ಧದಲ್ಲಿ.

ವಲಸೆ ಬಂದವರನ್ನು ಮುನ್ನಡೆಸಿದವರಲ್ಲಿ ಸನ್ಯಾಸಿಗಳು ಅನೇಕರಿದ್ದರು. ಸಾಂಸನ್, ಮಾಲೋ, ಬ್ರಿಯೊಕ್, ಟುಗ್‌ದುಆಲ್, ಪೌಲ್ ಔರೇಲಿಯನ್, ಕೊರೆಂಟಿನ್, ಪಾಟೆರ್ನ್ ಎಂಬ ಏಳು ಮಂದಿಯನ್ನು ನಾಡಿನ ಸ್ಥಾಪಕ ಸಂತರೆಂದು ಇಂದಿಗೂ ಗೌರವಿಸುತ್ತಾರೆ. ಈ ಏಳು ಸಂತರ ಪ್ರಧಾನಾಲಯಗಳನ್ನು ಕಾಲ್ನಡಿಗೆಯಲ್ಲಿ ಸಂದರ್ಶಿಸುವ ತೀರ್ಥಯಾತ್ರೆಗೆ ‘ಟ್ರೋ ಬ್ರೇಯ್ಸ್’, ಅಂದರೆ ಬ್ರಿಟ್ಟನಿಯ ಸುತ್ತು ಎಂದು ಹೆಸರು. ಅಲ್ಲಿನ ಊರುಗಳ ಹೆಸರನ್ನು ಗಮನಿಸಿದರೆ ‘ಪ್ಲೂ’ ಎಂದು ಆರಂಭವಾಗುವವು ನೂರಾರು ಸಿಗುತ್ತವೆ: ಪ್ಲೂಗಸ್ತೆಲ್, ಪ್ಲೂಹಾ, ಪ್ಲೂಗೊಫ್. ಪ್ಲೂ ಎಂದರೆ ಧರ್ಮಕೇಂದ್ರ. ಊರು ಮೊದಲು, ದೇವಾಲಯ ಆಮೇಲೆ ಎಂಬುದು ನಮ್ಮ ಅನುಭವ. ಅಲ್ಲಿ ಎಷ್ಟೋ ಊರುಗಳು ಧರ್ಮಕೇಂದ್ರಗಳಾಗಿಯೇ ಹುಟ್ಟಿದವು.

ಆದ್ದರಿಂದಲೇ ಅಲ್ಲಿನ ಧರ್ಮಸಭೆ ಜನರ ನುಡಿಯನ್ನು ಬಿಟ್ಟು ಕೆಲಸ ಮಾಡುವಂತಿರಲಿಲ್ಲ. ಬ್ರೆಟನ್, ಫ್ರೆಂಚ್ ಮತ್ತು ಲ್ಯಾಟಿನ್ ಮೂರೂ ಇದ್ದ ‘ಕಥೋಲಿಕೋನ್’ ಎಂಬ ನಿಘಂಟು 1464ರಲ್ಲಿ ಸಿದ್ಧವಾಗಿ 1499ರಲ್ಲಿ ಟ್ರೆಗಿಯೆ ಪಟ್ಟಣದಲ್ಲಿ ಮುದ್ರಣವಾಯಿತು. ಹದಿನೇಳನೆಯ ಶತಮಾನದಲ್ಲಿ ಯೇಸುಸಭೆಯ ಜೂಲಿಯನ್ ಮೌನ್ವಾರ್ ಎಂಬ ಗುರುಗಳು ಈ ನಾಡಿನ ಹಳ್ಳಿ ಹಳ್ಳಿಗಳಲ್ಲಿ ಬೋಧನೆ ಮಾಡಿದರು. ಅವರು ಹುಟ್ಟಿದ್ದು ಬ್ರೆಟನ್ ಆಡದ ಪೂರ್ವಭಾಗದಲ್ಲಿ. ಕೆನಡಾಕ್ಕೆ ಧರ್ಮಪ್ರಚಾರಕರಾಗಿ ಹೋಗಬೇಕೆಂಬುದು ಅವರ ಮೊದಲ ಆಸೆ. ಆದರೆ ಕೆಂಪೇರ್ ಪಟ್ಟಣದಲ್ಲಿ ಪಾಠ ಹೇಳಲು ಬಂದವರು ಅಲ್ಲಿನ ಬಡವರ ನುಡಿ ಕಲಿತು, ಅಲ್ಲೇ ಉಳಿದರು. 1659ರಲ್ಲಿ ಅವರು ಬ್ರೆಟನ್ ಭಾಷೆಯ ಧರ್ಮೋಪದೇಶ, ನಿಘಂಟು, ವ್ಯಾಕರಣ ಮೂರನ್ನೂ ಪ್ರಕಟಿಸಿದರು. 1951ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು.

ವಾನ್ ಧರ್ಮಪ್ರಾಂತ್ಯದಲ್ಲಿರುವ ಸಂತ ಅನ್ನಮ್ಮನವರ ಪುಣ್ಯಕ್ಷೇತ್ರದ ಕಥೆಯೂ ಇಲ್ಲಿ ನೆನೆಯತಕ್ಕದ್ದು. ಇವೊನ್ ನಿಕೊಲಾಜಿಕ್ ಎಂಬ ರೈತನಿಗೆ ಓದುಬರಹ ಬರುತ್ತಿರಲಿಲ್ಲ, ಫ್ರೆಂಚೂ ಬರುತ್ತಿರಲಿಲ್ಲ. 1624ರಲ್ಲಿ ಸಂತ ಅನ್ನಮ್ಮನವರು ಅವನಿಗೆ ದರ್ಶನವಿತ್ತು, ತಾವು ಮರಿಯಮ್ಮನವರ ತಾಯಿ ಎಂದು ಬ್ರೆಟನ್ನಿನಲ್ಲೇ ಹೇಳಿದರೆಂದು ಆ ಜನರ ನಂಬಿಕೆ. ನಮಗೆಲ್ಲ ಪರಿಚಿತವಾದ ಲೂರ್ದ್ ಇರುವುದೂ ಫ್ರಾನ್ಸಿನಲ್ಲೇ, ಆದರೆ ದಕ್ಷಿಣದ ಇನ್ನೊಂದು ಮೂಲೆಯಲ್ಲಿ. 1858ರಲ್ಲಿ ಬಾಲೆ ಬೆರ್ನದೆತ್ತಳಿಗೆ ಮಾತೆ ತಮ್ಮ ಹೆಸರನ್ನು ತಿಳಿಸಿದ್ದು ಆ ಪರ್ವತಪ್ರದೇಶದ ಗ್ಯಾಸ್ಕನ್ ನುಡಿಯಲ್ಲಿ. ಅಲ್ಲಿನ ಗವಿಯಲ್ಲಿ ಮಾತೆಯ ಸ್ವರೂಪದ ಕೆಳಗೆ ಕೆತ್ತಿರುವ ಅಕ್ಷರಗಳು ಫ್ರೆಂಚಲ್ಲ, ಅದೇ ಗ್ಯಾಸ್ಕನ್. ನಮ್ಮ ಎಷ್ಟೋ ದೇವಾಲಯಗಳ ಅಂಗಳದಲ್ಲಿ ಲೂರ್ದಿನ ಗವಿ ಇದೆ. ಈ ಸಂಗತಿ ಮಾತ್ರ ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ.

ಒಪ್ಪಂದದಿಂದ ಏಕರೂಪದವರೆಗೆ

ಮಧ್ಯಯುಗದಲ್ಲಿ ಬ್ರಿಟ್ಟನಿಯು ತನ್ನದೇ ಡ್ಯೂಕರ ಆಳ್ವಿಕೆಯ ಸಂಸ್ಥಾನವಾಗಿತ್ತು. 1488ರ ಯುದ್ಧದಲ್ಲಿ ಫ್ರೆಂಚ್ ಸೇನೆಗೆ ಸೋತ ಮೇಲೆ ಅದರ ಸ್ವಾತಂತ್ರ್ಯ ಕುಗ್ಗಿತು. ಉತ್ತರಾಧಿಕಾರಿಣಿ ಆನ್ ಎಂಬಾಕೆ ಒಬ್ಬರ ನಂತರ ಒಬ್ಬರಂತೆ ಫ್ರಾನ್ಸಿನ ಇಬ್ಬರು ಅರಸರನ್ನು ವಿವಾಹವಾಗಬೇಕಾಯಿತು. ಕೊನೆಗೆ 1532ರಲ್ಲಿ ಬ್ರಿಟ್ಟನಿ ಫ್ರಾನ್ಸಿನೊಡನೆ ಒಂದಾಯಿತು. ಆದರೆ ಅದು ಷರತ್ತಿನ ಒಕ್ಕೂಟ. ನಾಡಿನ ಪ್ರತಿನಿಧಿ ಸಭೆಯ ಒಪ್ಪಿಗೆಯಿಲ್ಲದೆ ಹೊಸ ತೆರಿಗೆ ಹಾಕಬಾರದು, ಇಲ್ಲಿನವರನ್ನು ಹೊರಗಿನ ನ್ಯಾಯಾಲಯಗಳಿಗೆ ಎಳೆಯಬಾರದು ಎಂದು ಅರಸ ಮಾತು ಕೊಟ್ಟಿದ್ದ.

ಹದಿನಾಲ್ಕನೇ ಲೂಯಿಯ ಕಾಲದಲ್ಲಿ ಆ ಮಾತು ಮುರಿಯಿತು. ಛಾಪಾ ಕಾಗದ, ಹೊಗೆಸೊಪ್ಪು ಮತ್ತು ತವರದ ಪಾತ್ರೆಗಳ ಮೇಲೆ ತೆರಿಗೆ ಬಿದ್ದಾಗ 1675ರಲ್ಲಿ ರೈತರು ದಂಗೆಯೆದ್ದರು. ದೇವಾಲಯದ ಗಂಟೆ ಬಾರಿಸಿ ಜನ ಕೂಡಿಸಿದ್ದಕ್ಕೆ ದಂಡನೆಯಾಗಿ ಕೆಲವು ಧರ್ಮಕೇಂದ್ರಗಳ ಗಂಟೆಗೋಪುರಗಳನ್ನೇ ಕೆಡವಲಾಯಿತು. ಪೋಂ ಲಾಬೆ ಪಟ್ಟಣದ ಲಂಬೂರ್ ದೇವಾಲಯ ಇಂದಿಗೂ ಶಿಖರವಿಲ್ಲದೆ ನಿಂತಿದೆ. ಇಷ್ಟಾದರೂ ಅರಸರಿಗೆ ಬೇಕಾಗಿದ್ದುದು ತೆರಿಗೆ ಮತ್ತು ವಿಧೇಯತೆ. ರೈತ ಮನೆಯಲ್ಲಿ ಯಾವ ಭಾಷೆ ಆಡುತ್ತಾನೆಂಬುದು ಅವರಿಗೆ ಚಿಂತೆಯಾಗಿರಲಿಲ್ಲ. 1539ರ ರಾಜಾಜ್ಞೆ ನ್ಯಾಯಾಲಯದ ದಾಖಲೆಗಳು ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲಿರಬೇಕೆಂದು ವಿಧಿಸಿತ್ತು. ಅದು ಅಡುಗೆಮನೆಯವರೆಗೆ ಬರಲಿಲ್ಲ.

ಅಡುಗೆಮನೆಯವರೆಗೆ ಬರುವ ವಿಚಾರ ಹುಟ್ಟಿದ್ದು 1789ರ ಮಹಾಕ್ರಾಂತಿಯಲ್ಲಿ. ಆಗಸ್ಟ್ 4ರ ರಾತ್ರಿ ಶ್ರೀಮಂತರ ವಿಶೇಷ ಹಕ್ಕುಗಳೊಡನೆ ಪ್ರಾಂತ್ಯಗಳ ವಿಶೇಷ ಹಕ್ಕುಗಳೂ ರದ್ದಾದವು. 1790ರಲ್ಲಿ ಬ್ರಿಟ್ಟನಿ ಎಂಬ ಆಡಳಿತ ಘಟಕವೇ ಇಲ್ಲವಾಗಿ ಐದು ಜಿಲ್ಲೆಗಳಾದವು. ಎಲ್ಲ ನಾಗರಿಕರೂ ಸಮಾನರು, ಆದುದರಿಂದ ಎಲ್ಲರೂ ಒಂದೇ ಬಗೆಯವರಾಗಿರಬೇಕು ಎಂಬ ತರ್ಕ ಅಲ್ಲಿಂದ ಬೆಳೆಯಿತು. ಬಾರೇರ್ ಎಂಬ ನಾಯಕ 1794ರ ಜನವರಿಯಲ್ಲಿ ತನ್ನ ವರದಿಯಲ್ಲಿ ಬ್ರೆಟನ್ ನುಡಿಯನ್ನು ಮೂಢನಂಬಿಕೆಯ ಜೊತೆ ಸೇರಿಸಿ ದೂಷಿಸಿದ.

ಅದೇ ವರ್ಷದ ಜೂನ್ ತಿಂಗಳಲ್ಲಿ ಪ್ರಾಂತೀಯ ನುಡಿಗಳನ್ನು ಅಳಿಸಿ ಫ್ರೆಂಚನ್ನು ಸಾರ್ವತ್ರಿಕಗೊಳಿಸುವುದು ಹೇಗೆ ಎಂಬ ಇನ್ನೊಂದು ವರದಿ ಮಂಡನೆಯಾಯಿತು. ಬರೆದವರು ಆನ್ರಿ ಗ್ರೆಗ್ವಾರ್. ಓದುಗರೇ, ಇವರು ಕಥೋಲಿಕ ಗುರು. ಕ್ರಾಂತಿಯ ಕಾಲದ ಕಾನೂನಿನಂತೆ ಆಯ್ಕೆಯಾದ ಧರ್ಮಾಧ್ಯಕ್ಷ. ಯೆಹೂದ್ಯರಿಗೆ ನಾಗರಿಕ ಹಕ್ಕು ದೊರಕಬೇಕೆಂದು, ಕಪ್ಪು ಜನರ ಗುಲಾಮಗಿರಿ ಕೊನೆಯಾಗಬೇಕೆಂದು ಹೋರಾಡಿದ ದೊಡ್ಡ ಮನುಷ್ಯ. 1790ರಲ್ಲಿ ಅವರು 43 ಪ್ರಶ್ನೆಗಳ ಪಟ್ಟಿಯನ್ನು ದೇಶದ ನಾನಾ ಭಾಗಗಳಿಗೆ ಕಳುಹಿಸಿ ಉತ್ತರ ತರಿಸಿಕೊಂಡಿದ್ದರು. ಅವರ ಅಂದಾಜಿನಂತೆ ಕನಿಷ್ಠ 60 ಲಕ್ಷ ಮಂದಿಗೆ ಫ್ರೆಂಚ್ ತಿಳಿದೇ ಇರಲಿಲ್ಲ. ಇನ್ನೂ ಅಷ್ಟೇ ಜನ ಅದರಲ್ಲಿ ಸಂಭಾಷಣೆ ನಡೆಸಲಾರದವರು. ಶುದ್ಧವಾಗಿ ಆಡಬಲ್ಲವರು 30 ಲಕ್ಷಕ್ಕಿಂತ ಹೆಚ್ಚಿರಲಿಲ್ಲ. ಕಾನೂನು ಅರ್ಥವಾಗದ ಬಡವ ಯಾವಾಗಲೂ ಪರರ ಅಡಿಯಾಳಾಗಿರುತ್ತಾನೆ ಎಂಬುದು ಅವರ ಕಳಕಳಿ. ಆ ಕಳಕಳಿ ಸುಳ್ಳಲ್ಲ. ಆದರೆ ಕಾನೂನನ್ನು ಬಡವನ ನುಡಿಗೆ ತರುವ ಬದಲು ಬಡವನ ನುಡಿಯನ್ನೇ ತೆಗೆದುಹಾಕುವ ದಾರಿಯನ್ನು ಅವರು ಆರಿಸಿಕೊಂಡರು. ಒಳ್ಳೆಯ ಉದ್ದೇಶದಿಂದ ಆದ ಈ ತಪ್ಪು ಮುಂದಿನ ಇನ್ನೂರು ವರ್ಷಗಳ ನೀತಿಗೆ ಅಡಿಪಾಯವಾಯಿತು.

ಶಾಲೆ, ಸಂಬಳ, ಧರ್ಮೋಪದೇಶ

ಕ್ರಾಂತಿಯ ಸರ್ಕಾರಕ್ಕೆ ಆ ನೀತಿಯನ್ನು ಜಾರಿಗೆ ತರಲು ಹಣವೂ ಇರಲಿಲ್ಲ, ಉಪಾಧ್ಯಾಯರೂ ಇರಲಿಲ್ಲ. ಅದು ಸಾಧ್ಯವಾದದ್ದು 1881 ಮತ್ತು 1882ರಲ್ಲಿ ಜೂಲ್ ಫೆರಿ ಎಂಬ ಸಚಿವರು ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದ ಮೇಲೆ. ಈ ಶಾಲೆಗಳನ್ನು ಬರೀ ಕೇಡೆಂದು ಬರೆಯುವುದು ಅನ್ಯಾಯ. ಮೀನುಗಾರರ, ಕೂಲಿಕಾರರ ಮಕ್ಕಳು ಓದಿ ಬರೆದು ಶಿಕ್ಷಕರಾದರು, ಅಂಚೆ ನೌಕರರಾದರು, ಹಡಗಿನ ಅಧಿಕಾರಿಗಳಾದರು. ತಂದೆತಾಯಂದಿರಿಗೂ ಮಕ್ಕಳು ಫ್ರೆಂಚ್ ಕಲಿಯುವುದು ಬೇಕಾಗಿತ್ತು. ಫ್ರೆಂಚ್ ಕಲಿಯಬೇಕಾದರೆ ಬ್ರೆಟನ್ ಮರೆಯಬೇಕು ಎಂದು ಕಲಿಸಿದ್ದೇ ಅಲ್ಲಿನ ದೋಷ. ಆರಂಭದಲ್ಲಿ ಹೇಳಿದ ಕೊರಳ ‘ಚಿಹ್ನೆ’ ಈ ಪಾಠದ ಸಾಧನ. ಸರ್ಕಾರಿ ಶಾಲೆಗಳಲ್ಲಿ ಮಾತ್ರವಲ್ಲ, ಧಾರ್ಮಿಕ ಸಹೋದರರು ನಡೆಸುತ್ತಿದ್ದ ಕೆಲವು ಕಥೋಲಿಕ ಶಾಲೆಗಳಲ್ಲೂ ಅದು ಬಳಕೆಯಲ್ಲಿತ್ತೆಂಬುದನ್ನು ನಾವು ಮುಚ್ಚಿಡಬಾರದು.

ಶಾಲೆಯ ಹೊರಗೆ ಬ್ರೆಟನ್ನಿಗೆ ಉಳಿದಿದ್ದ ದೊಡ್ಡ ಆಶ್ರಯ ದೇವಾಲಯ. ಬಲಿಪೂಜೆ ಲ್ಯಾಟಿನ್ನಿನಲ್ಲಿ, ಆದರೆ ಪ್ರಬೋಧನೆ, ಪಾಪನಿವೇದನೆ, ಭಕ್ತಿಗೀತೆ, ಧರ್ಮೋಪದೇಶ ಎಲ್ಲವೂ ಬ್ರೆಟನ್ನಿನಲ್ಲಿ. 1865ರಲ್ಲಿ ‘ಫೇಯ್ಸ್ ಹಾ ಬ್ರೇಯ್ಸ್’, ಅಂದರೆ ‘ವಿಶ್ವಾಸ ಮತ್ತು ಬ್ರಿಟ್ಟನಿ’ ಎಂಬ ಬ್ರೆಟನ್ ಪತ್ರಿಕೆಯೂ ಆರಂಭವಾಯಿತು. ಪ್ಯಾರಿಸ್ಸಿನ ಆಡಳಿತಗಾರರಿಗೆ ಇದು ಗಣರಾಜ್ಯದ ವಿರೋಧಿಗಳ ಕೋಟೆಯಂತೆ ಕಾಣಿಸಿತು. ಆಗ ಪ್ರಧಾನಿಯಾಗಿದ್ದವರು ಎಮಿಲ್ ಕೊಂಬ್. ಯೌವನದಲ್ಲಿ ಅವರು ಗುರುಮಠದಲ್ಲಿ ಓದಿದ್ದವರು. ಆಮೇಲೆ ಧರ್ಮಸಭೆಯ ಕಟು ಎದುರಾಳಿಯಾದರು. 1902ರ ಸೆಪ್ಟೆಂಬರ್ 29ರಂದು ಅವರು ಹೊರಡಿಸಿದ ಸುತ್ತೋಲೆ, ಪ್ರಬೋಧನೆಯಲ್ಲೂ ಧರ್ಮೋಪದೇಶದಲ್ಲೂ ಬ್ರೆಟನ್ ಬಳಕೆಯನ್ನು ನಿಷೇಧಿಸಿತು.

ಅಂದು ಫ್ರಾನ್ಸಿನಲ್ಲಿ ನೆಪೋಲಿಯನ್ನನ ಕಾಲದ ಒಪ್ಪಂದದಂತೆ ಗುರುಗಳಿಗೆ ಸರ್ಕಾರವೇ ಸಂಬಳ ಕೊಡುತ್ತಿತ್ತು. ಸುತ್ತೋಲೆಗೆ ಬಗ್ಗದವರ ಸಂಬಳ ನಿಂತಿತು. ಆದರೂ ಹಲವಾರು ಗುರುಗಳು ಬ್ರೆಟನ್ನಿನಲ್ಲೇ ಮಕ್ಕಳಿಗೆ ಜಪ ಕಲಿಸಿದರು. ಅವರ ವಾದ ಸರಳವಾಗಿತ್ತು. ಮಗುವಿಗೆ ಅರ್ಥವಾಗದ ಮಾತಿನಲ್ಲಿ ದೇವರ ವಿಷಯ ಹೇಳಿದರೆ ಅದು ಬೋಧನೆಯಲ್ಲ, ಬರೀ ಬಾಯಿಪಾಠ. 1905ರಲ್ಲಿ ಸರ್ಕಾರ ಮತ್ತು ಧರ್ಮಸಭೆಗಳನ್ನು ಬೇರ್ಪಡಿಸುವ ಕಾಯಿದೆ ಬಂದು ಸಂಬಳವೇ ನಿಂತುಹೋದಾಗ, ಈ ಬೆದರಿಕೆಗೂ ಬಲವಿಲ್ಲದಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಬ್ರೆಟನ್ ಆಡುತ್ತಿದ್ದರು. ಅಂದರೆ ನೂರು ವರ್ಷಗಳ ಸರ್ಕಾರಿ ವಿರೋಧವಿದ್ದರೂ ನುಡಿ ಸತ್ತಿರಲಿಲ್ಲ.

ಎರಡು ಯುದ್ಧಗಳ ನೆರಳು

1914ರ ಮಹಾಯುದ್ಧ ಹಳ್ಳಿಯ ಹುಡುಗರನ್ನು ಸೈನ್ಯಕ್ಕೆ ಕರೆದೊಯ್ದಿತು. ಬ್ರಿಟ್ಟನಿಯ ಲಕ್ಷಕ್ಕೂ ಮೀರಿದ ಮಂದಿ ಹಿಂದಿರುಗಲಿಲ್ಲ. ಅವರಲ್ಲಿ ಗ್ರೋವಾ ದ್ವೀಪದ ಮೀನುಗಾರನ ಮಗ ಯಾನ್ ಬೇರ್ ಕಲ್ಲೋಕ್ ಒಬ್ಬರು. ಗುರುವಾಗಬೇಕೆಂದು ಗುರುಮಠ ಸೇರಿದ್ದರೂ ಮನೆಯವರ ಕಾಯಿಲೆಯ ಕಾರಣ ಅವರಿಗೆ ದೀಕ್ಷೆ ದೊರೆಯಲಿಲ್ಲ. ಕಂದಕಗಳ ನಡುವೆಯೂ ತಾಯ್ನುಡಿಯಲ್ಲಿ ಪ್ರಾರ್ಥನಾಗೀತೆಗಳನ್ನು ಬರೆಯುತ್ತಿದ್ದ ಅವರು 1917ರ ಏಪ್ರಿಲ್‌ನಲ್ಲಿ ಷೆಲ್ ದಾಳಿಗೆ ಸಿಕ್ಕಿ ತೀರಿಕೊಂಡರು. ‘ಮೊಣಕಾಲೂರಿ’ ಎಂಬ ಅರ್ಥದ ಹೆಸರಿನ ಅವರ ಕವನಸಂಗ್ರಹ 1921ರಲ್ಲಿ ಹೊರಬಂತು. ಫ್ರಾನ್ಸಿಗಾಗಿ ಪ್ರಾಣ ಕೊಟ್ಟವನ ಭಾಷೆಗೆ ಫ್ರಾನ್ಸಿನ ಶಾಲೆಯಲ್ಲಿ ಸ್ಥಳವಿರಲಿಲ್ಲ. ಬದುಕಿ ಬಂದವರು ಸೈನ್ಯದಲ್ಲಿ ಕಲಿತ ಫ್ರೆಂಚನ್ನು ಮನೆಗೆ ತಂದರು.

ಎರಡನೆಯ ಯುದ್ಧ ಇನ್ನೊಂದು ರೀತಿಯ ಗಾಯ ಮಾಡಿತು. ಯಾನ್ ವಾರಿ ಪೆರ್ರೊ ಎಂಬ ಗುರುಗಳು 1905ರಲ್ಲಿ ‘ಬ್ಲೂನ್ ಬ್ರುಗ್’ ಎಂಬ ಸಂಘ ಕಟ್ಟಿ ನಾಟಕ, ಹಾಡು, ಪತ್ರಿಕೆಗಳ ಮೂಲಕ ಬ್ರೆಟನ್ನಿಗೆ ಜೀವ ತುಂಬಿದವರು. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದ್ದಾಗ ಬ್ರೆಟನ್ ರಾಷ್ಟ್ರೀಯವಾದಿಗಳಲ್ಲಿ ಒಂದು ಗುಂಪು ಆಕ್ರಮಣಕಾರರ ಕೈಜೋಡಿಸಿತು. ಪೆರ್ರೊ ಅವರನ್ನು 1943ರ ಡಿಸೆಂಬರ್‌ನಲ್ಲಿ ಪ್ರತಿರೋಧ ಪಡೆಯವರು ಕೊಂದರು. ಕೂಡಲೇ ಜರ್ಮನ್ ಸಮವಸ್ತ್ರ ತೊಟ್ಟ ಒಂದು ಬ್ರೆಟನ್ ತುಕಡಿ ಅವರ ಹೆಸರನ್ನೇ ಇಟ್ಟುಕೊಂಡಿತು. ಹೀಗೆ ನುಡಿಯ ಪ್ರೀತಿಗೆ ದೇಶದ್ರೋಹದ ಮಸಿ ಬಳಿಯಿತು. ಅದೇ ನಾಡಿನ ಸೇನ್ ಎಂಬ ಪುಟ್ಟ ದ್ವೀಪದಿಂದ 1940ರ ಜೂನ್‌ನಲ್ಲಿ ನೂರಕ್ಕೂ ಹೆಚ್ಚು ಗಂಡಸರು ದೋಣಿಯೇರಿ ಇಂಗ್ಲೆಂಡಿಗೆ ಹೋಗಿ ಜನರಲ್ ದ ಗಾಲ್ ಅವರ ಪಡೆ ಸೇರಿದ್ದರು. ಆದರೆ ಯುದ್ಧಾನಂತರ ಸಂಶಯದ ಕಣ್ಣಿಗೆ ಕಂಡದ್ದು ಕೆಲವರ ದ್ರೋಹವೇ. ತನ್ನ ನುಡಿಯ ಮೇಲಿನ ಪ್ರೀತಿಯನ್ನು ಪರರ ಮೇಲಿನ ದ್ವೇಷದೊಡನೆ ಬೆರೆಸಿದವರು ಆ ನುಡಿಗೆ ಮಾಡಿದ ಹಾನಿ ಯಾವ ಸುತ್ತೋಲೆಗಿಂತಲೂ ಕಡಿಮೆಯಲ್ಲ.

ಮನೆಯೊಳಗಿನ ಮೌನ

1951ರಲ್ಲಿ ದೇಕ್ಸೊನ್ ಕಾಯಿದೆ ಎಂಬ ಹೊಸ ಕಾನೂನು ಬ್ರೆಟನ್, ಬಾಸ್ಕ್, ಕತಲಾನ್, ಆಕ್ಸಿತಾನ್ ಭಾಷೆಗಳನ್ನು ಶಾಲೆಯಲ್ಲಿ ಐಚ್ಛಿಕವಾಗಿ ಕಲಿಸಲು ಅವಕಾಶ ಕೊಟ್ಟಿತು. ಬಾಗಿಲು ಸ್ವಲ್ಪ ತೆರೆಯಿತು. ಆದರೆ ಅದೇ ಹೊತ್ತಿಗೆ ಒಳಗಿದ್ದವರು ಹೊರಟುಹೋಗುತ್ತಿದ್ದರು. ಯುದ್ಧಾನಂತರದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬ್ರೆಟನ್ ತಂದೆತಾಯಿಯರು ಯಾರ ಆಜ್ಞೆಯೂ ಇಲ್ಲದೆ ಮಕ್ಕಳೊಡನೆ ಫ್ರೆಂಚ್ ಆಡಲಾರಂಭಿಸಿದರು. ಗಂಡಹೆಂಡಿರು ತಮ್ಮೊಳಗೆ ಬ್ರೆಟನ್, ಹಸುಕರುಗಳೊಡನೆ ಬ್ರೆಟನ್, ಮಗುವಿನೊಡನೆ ಮಾತ್ರ ಹರಕುಮುರುಕು ಫ್ರೆಂಚ್. ಅಜ್ಜಿಗೆ ಮೊಮ್ಮಗನೊಡನೆ ಮಾತಾಡುವ ಭಾಷೆಯೇ ಇಲ್ಲದಾಯಿತು.

ಕಾರಣಗಳು ಹಲವು. ಹೊಲಗಳು ಯಂತ್ರಗಳಿಗೆ ತಕ್ಕಂತೆ ಮರುವಿಂಗಡಣೆಯಾದವು. ಯುವಕರು ಕೆಲಸಕ್ಕಾಗಿ ಪ್ಯಾರಿಸ್ಸಿನ ರೈಲು ಹತ್ತಿದರು. ರೇಡಿಯೋ, ಟೆಲಿವಿಷನ್ ಮನೆಗೆ ಬಂದವು. ಆದರೆ ಇವೆಲ್ಲವುಗಳ ಕೆಳಗೆ ಆ ಮರದ ಪಾದರಕ್ಷೆ ಇತ್ತು. ಬಾಲ್ಯದಲ್ಲಿ ಅದನ್ನು ಹೊತ್ತವರು ತಮ್ಮ ಮಗುವಿನ ಕೊರಳಿಗೆ ಅದು ಬೀಳಬಾರದೆಂದು ನಿಶ್ಚಯಿಸಿದ್ದರು. ಅವರನ್ನು ನಾವು ದೂಷಿಸಲಾಗದು. ಅವರು ಮಾಡಿದ್ದು ಪ್ರೀತಿಯಿಂದಲೇ. 1975ರಲ್ಲಿ ಪಿಯೆರ್ ಜಾಕೆಜ್ ಹೆಲಿಯಾಸ್ ಎಂಬ ಲೇಖಕರು ‘ಹೆಮ್ಮೆಯ ಕುದುರೆ’ ಎಂಬ ಅರ್ಥದ ಹೆಸರಿಟ್ಟು ತಮ್ಮ ಬಾಲ್ಯದ ನೆನಪುಗಳನ್ನು ಪ್ರಕಟಿಸಿದರು. ಕುದುರೆ ಕೊಳ್ಳಲಾರದ ಬಡವನ ಬಳಿ ಇದ್ದ ಕುದುರೆ ಅವನ ಹೆಮ್ಮೆಯೊಂದೇ ಎಂಬುದು ಆ ಹೆಸರಿನ ಭಾವ. ಆ ಪುಸ್ತಕ ಫ್ರಾನ್ಸಿನಾದ್ಯಂತ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು, ಫ್ರೆಂಚಿನಲ್ಲಿ.

ಧರ್ಮಸಭೆಯ ಪಾಲನ್ನೂ ಹೇಳಲೇಬೇಕು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. ನಮ್ಮ ನಾಡಿನಲ್ಲಿ ಅದರ ಫಲವನ್ನು ನಾವು ಕಂಡಿದ್ದೇವೆ. ಬಲಿಪೀಠದಿಂದ ಕನ್ನಡ ಕೇಳಿದ ಮೊದಲ ದಿನವನ್ನು ನೆನೆಯುವ ಹಿರಿಯರು ಇನ್ನೂ ಇದ್ದಾರೆ. ಬ್ರಿಟ್ಟನಿಯಲ್ಲಿ ಲ್ಯಾಟಿನ್ ಬಿಟ್ಟುಕೊಟ್ಟ ಸ್ಥಳವನ್ನು ಬಹುಪಾಲು ಫ್ರೆಂಚ್ ತುಂಬಿತು. ಸಂಬಳ ಕಳೆದುಕೊಂಡರೂ ಬ್ರೆಟನ್ ಬಿಡದಿದ್ದ ಗುರುಗಳ ಉತ್ತರಾಧಿಕಾರಿಗಳು, ಯಾರೂ ಒತ್ತಾಯಿಸದಿದ್ದಾಗ ಅದನ್ನು ಬಿಟ್ಟರು. ಯುವಜನರಿಗೆ ಅರ್ಥವಾಗುವುದು ಫ್ರೆಂಚ್ ಎಂಬುದು ಅವರ ಸಮಜಾಯಿಷಿ, ಅದರಲ್ಲಿ ನಿಜವೂ ಇತ್ತು. ಇಂದು ‘ಪಾರ್ದೋನ್’ ಎಂಬ ವಾರ್ಷಿಕ ಉತ್ಸವಗಳಲ್ಲಿ ಪತಾಕೆಗಳನ್ನು ಹೊತ್ತು ಸಾಗುವಾಗ ಹಳೆಯ ಬ್ರೆಟನ್ ಗೀತೆಗಳನ್ನು ಹಾಡುತ್ತಾರೆ. ಹಾಡುವವರಲ್ಲಿ ಎಷ್ಟೋ ಮಂದಿಗೆ ಆ ಪದಗಳ ಅರ್ಥ ತಿಳಿಯದು.

ಮೊಳಕೆ ಮತ್ತು ಸಂವಿಧಾನ

ಕಳೆದುಹೋದದ್ದನ್ನು ಮರಳಿ ಹುಡುಕಿದವರು ಮೊಮ್ಮಕ್ಕಳು. 1977ರಲ್ಲಿ ಕೆಲವು ತಂದೆತಾಯಂದಿರು ಬೆರಳೆಣಿಕೆಯ ಮಕ್ಕಳೊಡನೆ ಒಂದು ಪುಟ್ಟ ಬ್ರೆಟನ್ ಮಾಧ್ಯಮದ ಶಿಶುವಿಹಾರ ತೆರೆದರು. ಅದಕ್ಕಿಟ್ಟ ಹೆಸರು ‘ದಿವಾನ್’. ನಮ್ಮ ಸಂಸ್ಥಾನಗಳ ದಿವಾನರಿಗೂ ಅದಕ್ಕೂ ಸಂಬಂಧವಿಲ್ಲ; ಬ್ರೆಟನ್ನಿನಲ್ಲಿ ಅದರ ಅರ್ಥ ಮೊಳಕೆ. ಶಾಲೆಯ ಎಲ್ಲ ಪಾಠ, ಆಟ, ಊಟ ಬ್ರೆಟನ್ನಿನಲ್ಲಿ. ಫ್ರೆಂಚನ್ನು ಕೆಲವು ವರ್ಷಗಳ ನಂತರ ಸೇರಿಸುತ್ತಾರೆ. ಕ್ರಮೇಣ ಸರ್ಕಾರಿ ಶಾಲೆಗಳಲ್ಲೂ, 1990ರಿಂದ ಕಥೋಲಿಕ ಶಾಲೆಗಳಲ್ಲೂ ದ್ವಿಭಾಷಾ ತರಗತಿಗಳು ಆರಂಭವಾದವು. ಈ ಮೂರೂ ಬಗೆಯ ಶಾಲೆಗಳಲ್ಲಿ 2020ರ ನಂತರದ ವರ್ಷಗಳಲ್ಲಿ ಸುಮಾರು 20 ಸಾವಿರ ಮಕ್ಕಳು ಕಲಿಯುತ್ತಿದ್ದರು. ರಸ್ತೆಯ ಫಲಕಗಳಲ್ಲಿ ಎರಡು ಭಾಷೆಗಳು ಬಂದವು.

ಆದರೆ ಪ್ಯಾರಿಸ್ಸಿನ ಹಳೆಯ ತರ್ಕ ಬದಲಾಗಿರಲಿಲ್ಲ. 1992ರ ಜೂನ್‌ನಲ್ಲಿ, ಗಣರಾಜ್ಯದ ಭಾಷೆ ಫ್ರೆಂಚ್ ಎಂಬ ವಾಕ್ಯ ಸಂವಿಧಾನಕ್ಕೆ ಸೇರಿತು. ಇಂಗ್ಲಿಷಿನ ಭಯದಿಂದ ಸೇರಿಸಿದ ಈ ವಾಕ್ಯ ಮುಂದೆ ದೇಶದೊಳಗಿನ ನುಡಿಗಳ ಮೇಲೆಯೇ ಎರಗಿತು. ಪ್ರಾಂತೀಯ ಮತ್ತು ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಸನ್ನದಿಗೆ ಫ್ರಾನ್ಸ್ 1999ರ ಮೇ ತಿಂಗಳಲ್ಲಿ ಸಹಿ ಹಾಕಿತು. ಮರುತಿಂಗಳೇ ಸಂವಿಧಾನ ಮಂಡಳಿ ಅದು ಸಂವಿಧಾನಕ್ಕೆ ವಿರುದ್ಧವೆಂದಿತು. ಆ ಸನ್ನದು ಅಲ್ಲಿ ಸ್ಥಿರೀಕರಣಗೊಳ್ಳಲೇ ಇಲ್ಲ. 2008ರಲ್ಲಿ ಪ್ರಾಂತೀಯ ಭಾಷೆಗಳು ಫ್ರಾನ್ಸಿನ ಪರಂಪರೆಗೆ ಸೇರಿದವು ಎಂಬ ಒಂದು ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದರು. ಪರಂಪರೆ ಎಂಬುದು ಗೌರವದ ಮಾತು; ಆದರೆ ಹಳೆಯ ಕೋಟೆಗೂ ಅದೇ ಮಾತನ್ನು ಹೇಳುತ್ತೇವೆ. ಅದರಿಂದ ಯಾರಿಗೂ ಒಂದು ಹಕ್ಕು ಹುಟ್ಟಲಿಲ್ಲ.

2021ರ ಏಪ್ರಿಲ್ 8ರಂದು ಬ್ರಿಟ್ಟನಿಯವರೇ ಆದ ಪೌಲ್ ಮೊಲಾಕ್ ಎಂಬ ಸಂಸದರು ಮಂಡಿಸಿದ ಮಸೂದೆ 76ರ ವಿರುದ್ಧ 247 ಮತಗಳಿಂದ ಅಂಗೀಕಾರವಾಯಿತು. ಪ್ರಾಂತೀಯ ಭಾಷೆಯ ಮಾಧ್ಯಮದಲ್ಲಿ ಪೂರ್ಣ ಶಿಕ್ಷಣ ನೀಡಲು ಅದು ಅವಕಾಶವೀಯುತ್ತಿತ್ತು. ಮೇ 21ರಂದು ಸಂವಿಧಾನ ಮಂಡಳಿ ಅದರ ಆ ಮುಖ್ಯ ಭಾಗವನ್ನೇ ಕಿತ್ತುಹಾಕಿತು. ಹೆಸರುಗಳಲ್ಲಿ ಪ್ರಾಂತೀಯ ಅಕ್ಷರಚಿಹ್ನೆ ಬಳಸುವ ಅವಕಾಶವೂ ಬಿದ್ದುಹೋಯಿತು. ಇದು ಸಣ್ಣ ವಿಷಯವಲ್ಲ. 2017ರಲ್ಲಿ ಬ್ರಿಟ್ಟನಿಯ ಒಂದು ಕುಟುಂಬ ಮಗುವಿಗೆ ‘ಫಾನ್ಶ್’ ಎಂಬ ಬ್ರೆಟನ್ ಹೆಸರಿಟ್ಟಾಗ, ಅದರ ಒಂದು ಅಕ್ಷರದ ಮೇಲಿನ ಅಲೆಯಾಕಾರದ ಗೆರೆ ಫ್ರೆಂಚಿನಲ್ಲಿಲ್ಲವೆಂಬ ಕಾರಣಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಮರುವರ್ಷ ರೆನ್ ನಗರದ ಮೇಲ್ಮನವಿ ನ್ಯಾಯಾಲಯ ಕುಟುಂಬದ ಪರ ತೀರ್ಪಿತ್ತಿತು. 2021ರ ಡಿಸೆಂಬರ್‌ನಲ್ಲಿ ಬಂದ ಸರ್ಕಾರಿ ಸುತ್ತೋಲೆಯೊಂದು ಬ್ರೆಟನ್ ಮಾಧ್ಯಮದ ಬೋಧನೆಯನ್ನು ಒಂದು ಬೋಧನಾ ಕ್ರಮವಾಗಿ ಸಹಿಸಿಕೊಂಡಿತು. ಸಹನೆ ಸಿಕ್ಕಿತು, ಹಕ್ಕು ಸಿಗಲಿಲ್ಲ.

2018ರ ಸಮೀಕ್ಷೆಯಲ್ಲಿ ಬ್ರೆಟನ್ ಬಲ್ಲವರು ಸುಮಾರು 2 ಲಕ್ಷ ಇದ್ದರು. 2024ರಲ್ಲಿ ನಡೆದ ಸಮೀಕ್ಷೆಯಲ್ಲಿ ಅವರ ಸಂಖ್ಯೆ ಸುಮಾರು 1 ಲಕ್ಷ 7 ಸಾವಿರಕ್ಕೆ ಇಳಿಯಿತು. ಅಜ್ಜಅಜ್ಜಿಯರು ಸಾಯುತ್ತಿರುವ ವೇಗಕ್ಕೆ ಶಾಲೆಗಳು ಸರಿಸಾಟಿಯಾಗಲಾರವು. ಮನೆಯಲ್ಲಿ ಕಲಿಯದ ನುಡಿಯನ್ನು ಶಾಲೆ ಪಾಠವಾಗಿ ಕಲಿಸಬಹುದು. ಮಗು ಬಿದ್ದು ಮಂಡಿ ತರಚಿಕೊಂಡಾಗ ಅಳುವ ನುಡಿಯನ್ನಾಗಿ ಮಾಡುವುದು ಅದಕ್ಕೆ ಬಹಳ ಕಷ್ಟ.

ನಮಗೆ ಉಳಿಯುವ ಪ್ರಶ್ನೆ

ಕಾನೂನಿನ ವಿಷಯದಲ್ಲಿ ನಾವು ಭಾಗ್ಯವಂತರು. ನಮ್ಮ ಸಂವಿಧಾನದ 29 ಮತ್ತು 30ನೇ ವಿಧಿಗಳು ನುಡಿ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಾಗೂ ಅಲ್ಪಸಂಖ್ಯಾತರು ಶಾಲೆ ನಡೆಸುವ ಹಕ್ಕನ್ನು ಕೊಟ್ಟಿವೆ. ಫ್ರಾನ್ಸ್ ತನ್ನ ಸಂವಿಧಾನದಲ್ಲಿ ಒಂದೇ ಭಾಷೆಯ ಹೆಸರು ಬರೆದ ಅದೇ 1992ರಲ್ಲಿ ಭಾರತವು ಎಂಟನೇ ಅನುಸೂಚಿಗೆ ಇನ್ನೂ ಮೂರು ಭಾಷೆಗಳನ್ನು ಸೇರಿಸಿತು. ಅವುಗಳಲ್ಲಿ ಒಂದು, ನಮ್ಮ ಕರಾವಳಿಯ ಎಷ್ಟೋ ಕಥೋಲಿಕ ಮನೆಗಳ ಮಾತಾದ ಕೊಂಕಣಿ. ಹಲವು ನುಡಿಗಳಿದ್ದರೆ ದೇಶ ಒಡೆಯುತ್ತದೆ ಎಂಬ ಭಯಕ್ಕೆ ನಮ್ಮ ದೇಶವೇ ಒಂದು ಉತ್ತರ.

ಆದರೆ ಬ್ರೆಟನ್ ಜನರ ಕಥೆ ಕಾನೂನಿನಲ್ಲಿ ಮುಗಿಯುವುದಿಲ್ಲ. ಹೊಸ ವರ್ಷದಲ್ಲಿ ಮನೆಗಳನ್ನು ಆಶೀರ್ವದಿಸಲು ಹೋದಾಗ ನಾನು ಪುಟ್ಟ ಮಕ್ಕಳನ್ನು ಹೆಸರು, ತರಗತಿ ಕೇಳುತ್ತೇನೆ. ಮಗು ಮನೆಮಾತಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ತಾಯಿ ಅದರ ಭುಜ ತಟ್ಟಿ, “ಫಾದರ್‌ಗೆ ಇಂಗ್ಲಿಷಿನಲ್ಲೇ ಹೇಳು ಪುಟ್ಟ” ಎನ್ನುತ್ತಾರೆ. ಮಗು ಒಂದು ಕ್ಷಣ ಸುಮ್ಮನಾಗುತ್ತದೆ. ಮೂಲೆಯಲ್ಲಿ ಜಪಸರ ಹಿಡಿದು ಕುಳಿತ ಅಜ್ಜಿ ನಗುತ್ತಾರೆ, ಆದರೆ ಮುಂದಿನ ಮಾತು ಅವರಿಗೆ ತಿಳಿಯುವುದಿಲ್ಲ. ಆ ತಾಯಿಯ ಆಸೆ ನನಗೆ ಅರ್ಥವಾಗುತ್ತದೆ. ಇಂಗ್ಲಿಷ್ ಬೇಡವೆಂದು ನಾನೆಂದೂ ಹೇಳುವುದಿಲ್ಲ. ಬ್ರೆಟನ್ ಮಕ್ಕಳಿಗೆ ಫ್ರೆಂಚ್ ಬೇಡವಾಗಿತ್ತೆಂದು ಯಾರೂ ಹೇಳಲಾರರು. ಮಗು ಎರಡನ್ನೂ ಮೂರನ್ನೂ ಸಲೀಸಾಗಿ ಕಲಿಯಬಲ್ಲದು. ಆದರೆ ಆ ಒಂದು ಕ್ಷಣದ ಮೌನದಲ್ಲಿ ಅದು ಇನ್ನೊಂದು ಪಾಠವನ್ನೂ ಕಲಿಯುತ್ತದೆ: ಅಜ್ಜಿಯ ಮಾತು ಅತಿಥಿಗಳ ಮುಂದೆ ಆಡುವಂಥದ್ದಲ್ಲ.

ಬ್ರಿಟ್ಟನಿಯಲ್ಲಿ ಆ ಪಾಠ ಕಲಿಸಲು ಉಪಾಧ್ಯಾಯರು ಬೇಕಾದರು, ಹಗ್ಗ ಬೇಕಾಯಿತು, ಮರದ ಪಾದರಕ್ಷೆ ಬೇಕಾಯಿತು. ನಮ್ಮ ಮನೆಗಳಲ್ಲಿ ಅದನ್ನು ಯಾರೂ ಕಟ್ಟುತ್ತಿಲ್ಲ. ಈ ಸಂಜೆ ಕುಟುಂಬದ ಜಪಕ್ಕೆ ಕುಳಿತಾಗ, ಅಜ್ಜಿ ಮೊದಲ ಸಾಲು ಹೇಳಿ, ಮೊಮ್ಮಗು ಮುಂದಿನ ಸಾಲನ್ನು ಅದೇ ನುಡಿಯಲ್ಲಿ ಹೇಳಬಲ್ಲದೇ ಎಂದು ಒಮ್ಮೆ ಕೇಳಿ ನೋಡಿ. ಹೇಳಬಲ್ಲದಾದರೆ ಸಂತೋಷ. ಹೇಳಲಾರದಾದರೆ, ಕಲಿಸಲು ಅಜ್ಜಿ ಇನ್ನೂ ನಿಮ್ಮ ಮನೆಯಲ್ಲೇ ಇದ್ದಾರೆ.